ಪೆಟ್ಟಿಗೆಯೊಳಗಿನ ಕಾಗೆ

ಎಲ್ಲಾ ಶುರುವಾದದ್ದು ಒಂದು ಕುಂಕುಮದ ಬೊಟ್ಟಿನಿಂದ.

ನಮ್ಮ ಹಲಸಿನಗುಳಿ ಶಾಲೆಗೆ ಕಂಪ್ಯೂಟರ್ ಬಂದು ಆಗ ಒಂದು ವರ್ಷವಾಗಿತ್ತು. ಹಿಲ್ಲೂರಿನಿಂದ ಎರಡು ಮೈಲಿ ಕಾಡಿನೊಳಗೆ ಇದ್ದ ಶಾಲೆಗೆ ೨೦೦೫ರಲ್ಲಿ ಕಂಪ್ಯೂಟರ್ ಬರುವುದೆಂದರೆ ಸಣ್ಣ ಮಾತಲ್ಲ. ಬಸ್ಸೇ ದಿನಕ್ಕೆ ಎರಡು ಸಲ ಬರುತ್ತಿತ್ತು, ಅದೂ ಮನಸ್ಸು ಬಂದರೆ. ಕಂಪ್ಯೂಟರ್ ಕೋಣೆಗೆ ಕೈಕಾಲು ತೊಳೆದೇ ಹೋಗಬೇಕು. ಪ್ರತಿ ಶುಕ್ರವಾರ ಶಾರದೆಯ ಪಟಕ್ಕೆ ಹೂವು ಏರಿಸಿದ ಮೇಲೆ ಕಂಪ್ಯೂಟರಿಗೆ ಕುಂಕುಮ, ಆಮೇಲೆ ಸೀಡಿಗೂ ಒಂದು ಬೊಟ್ಟು. ವಿದ್ಯೆಯೆಲ್ಲ ಇರುವುದು ಸೀಡಿಯಲ್ಲೇ ಎಂದು ರಾಮನಾಥ ಮಾಸ್ತರು ನಂಬಿದ್ದರು. ತಪ್ಪೂ ಅಲ್ಲ ಬಿಡಿ.

ಇದ್ದದ್ದು ಒಂದೇ ಸೀಡಿ, ಕಾಗೆ ಸೀಡಿ. ಅದನ್ನು ಹಾಕಿದರೆ ಪರದೆಯ ಮೇಲೆ ಒಂದು ಕಾಗೆ, ಒಂದು ಹೂಜಿ. ಕಾಗೆ ಲೆಕ್ಕ ಕೇಳುತ್ತದೆ. ಉತ್ತರ ಸರಿಯಾದರೆ ಹೂಜಿಗೆ ಒಂದು ಕಲ್ಲು ಬೀಳುತ್ತದೆ, ನೀರು ಮೇಲೇರುತ್ತದೆ. ತಪ್ಪಾದರೆ ಕಾಗೆ ನಮಗೆ ಬೆನ್ನು ತಿರುಗಿಸಿ ಬಾಲ ಅಲ್ಲಾಡಿಸುತ್ತದೆ. ನಲವತ್ತೆರಡು ಮಕ್ಕಳಿಗೆ ಒಂದೇ ಕಾಗೆಯಾದ್ದರಿಂದ ಒಬ್ಬೊಬ್ಬರ ಪಾಳಿ ವಾರಕ್ಕೊಮ್ಮೆ ಬರುತ್ತಿತ್ತು.

ರಾಮನಾಥ ಮಾಸ್ತರು ಅಂಕೋಲೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ವಯಸ್ಸು ನಲವತ್ತೊಂಬತ್ತು, ಕೈಯಲ್ಲಿ ಬೇಸಿಗೆಯಲ್ಲೂ ಕೊಡೆ. ಕಾರವಾರದಲ್ಲಿ ಐದು ದಿನ ಕಂಪ್ಯೂಟರ್ ತರಬೇತಿಗೆ ಹೋಗಿದ್ದರು. ಅದರಲ್ಲಿ ಎರಡು ದಿನ ಮೌಸು ಹಿಡಿಯಲು ಕಲಿಯುವುದರಲ್ಲೇ ಹೋಯಿತು. ಉಳಿದ ಮೂರು ದಿನದಲ್ಲಿ ಅವರು ಕಲಿತದ್ದು ಹೆದರಿಕೆ. ಆದರೂ ಆ ಯಂತ್ರದ ಮೇಲೆ ಅವರಿಗೆ ಬಹಳ ಪ್ರೀತಿ, ಅದಕ್ಕೆ ಕಾರಣ ಭಾರತಿ. ಗದ್ದೆ ಕೆಲಸದ ಮಂಜಿಯ ಮಗಳು ಭಾರತಿ ಮೂರನೇ ಇಯತ್ತೆಯವರೆಗೆ ಶಾಲೆಗೆ ಬಂದದ್ದಕ್ಕಿಂತ ಕರು ಕಾಯ್ದದ್ದೇ ಹೆಚ್ಚು. ಕಾಗೆ ಬಂದ ಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಹುಡುಗಿಯ ಹಾಜರಿ ಕರೆಯುವಾಗ ಮಾಸ್ತರ ದನಿಯೇ ಬೇರೆಯಾಗುತ್ತಿತ್ತು.

ಹೀಗಿರುವಾಗ ಕಾರವಾರದ ಶಿಕ್ಷಣ ಇಲಾಖೆಯಿಂದ ಕಾಗದ ಬಂತು. ಸಾಹೇಬರು ಗುರುವಾರ ಹನ್ನೊಂದು ಗಂಟೆಗೆ ತಪಾಸಣೆಗೆ ಬರುತ್ತಾರೆ. ಕಂಪ್ಯೂಟರಿನಿಂದ ಮಕ್ಕಳು ಕಲಿಯುತ್ತಿಲ್ಲವೆಂದು ಕಂಡುಬಂದರೆ ಅದನ್ನು ಹೆದ್ದಾರಿ ಪಕ್ಕದ ದೊಡ್ಡ ಶಾಲೆಗೆ ಸಾಗಿಸಲಾಗುವುದು.

ಗುರುವಾರ ಬೆಳಿಗ್ಗೆ ಹೆಡ್‌ಮಾಸ್ತರ್ತಿ ಜಯಂತಿ ಅಕ್ಕೋರು ಸೀಡಿಯನ್ನು ಕೈಯಲ್ಲಿ ಹಿಡಿದು ನೋಡಿದರು. ವರ್ಷದ ಕುಂಕುಮವೆಲ್ಲ ಅದರ ಮೇಲೇ ಇತ್ತು.

"ಇದೆಂತದ್ರಾ ಮಾಸ್ತರ್ರೇ, ಸಾಹೇಬ್ರು ನೋಡಿದ್ರೆ ದೇವಸ್ಥಾನ ಮಾಡ್ಕಂಡಿದ್ದೀರಿ ಅನ್ನೂದಿಲ್ವಾ? ಒರೆಸಿ ಇಡಿ."

ಮಾಸ್ತರಿಗೆ ಅದನ್ನು ಮುಟ್ಟಲು ಹೆದರಿಕೆ. ಬಿಸಿಯೂಟ ಮಾಡುವ ರುಕ್ಮಿಣಿಯನ್ನು ಕರೆದು, "ಇದನ್ನ ಸ್ವಲ್ಪ ಚೊಕ್ಕ ಮಾಡಿ ಕೊಡು ತಂಗಿ" ಎಂದು ಕೊಟ್ಟು ಹಾಜರಿ ಪುಸ್ತಕ ಬರೆಯಲು ಕೂತರು.

ಅದೇ ಅವರು ಮಾಡಿದ ತಪ್ಪು. ರುಕ್ಮಿಣಿ ಚೊಕ್ಕ ಎಂದರೆ ಚೊಕ್ಕವೇ. ಅವಳ ಮನೆಯ ಹಿತ್ತಾಳೆ ದೀಪದಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಹದಿನೈದು ನಿಮಿಷದಲ್ಲಿ ಸೀಡಿಯನ್ನು ಸೆರಗಿನಲ್ಲಿ ಒರೆಸುತ್ತ ಬಂದಳು.

"ಹುಣಸೆ ಹುಳಿ, ಒಲೆ ಬೂದಿ ಹಾಕಿ ತೆಂಗಿನ ಕತ್ತದಲ್ಲಿ ತಿಕ್ಕಿದೆ ಮಾಸ್ತರ್ರೇ. ಎರಡೂ ಬದೀನೂ ಬಿಡ್ಲಿಲ್ಲ. ಆದ್ರೆ ಈ ಪಾತ್ರೆ ಮುಂಚಿನಷ್ಟು ಹೊಳಿತಿಲ್ಲ, ಹಗುರದ ಮಾಲು."

ಮಾಸ್ತರು ಸೀಡಿಯನ್ನು ಬೆಳಕಿಗೆ ಹಿಡಿದರು. ಅದರ ಮೂಲಕ ಎದುರಿನ ಗೇರು ಮರ ಕಂಡಿತು. ಅವರು ಹಾಗೇ ಬೆಂಚಿನ ಮೇಲೆ ಕೂತುಬಿಟ್ಟರು. ಕಾಗೆ, ಹೂಜಿ ಎಲ್ಲ ಬೂದಿಯ ಜೊತೆ ತೊಳೆದು ಹೋಗಿತ್ತು.

ಸುದ್ದಿ ಅಂಗಡಿಗೆ ಮುಟ್ಟಿತು. ಶಾಲೆಯ ಎದುರು ಹುಲಿಯಾನ ಅಂಗಡಿ. ಊರಿಗೆಲ್ಲ ಸೀಡಿ ಹಾಕುವ ಪೆಟ್ಟಿಗೆ ಇದ್ದದ್ದು ಅವನೊಬ್ಬನಲ್ಲಿ, ಹಾಗಾಗಿ ಈ ವಿಷಯದಲ್ಲಿ ತಾನೇ ಪಂಡಿತನೆಂದು ಅವನ ಎಣಿಕೆ. ಕೂಡಲೇ ಒಂದು ಸೀಡಿ ಹಿಡಿದು ಬಂದ.

"ಸೀಡಿ ಅಂದ್ರೆ ಸೀಡಿಯೇ ಅಲ್ರಾ ಮಾಸ್ತರ್ರೇ, ನಮೂನಿ ಬೇರೆ ಅಷ್ಟೇ. ಹಾಕಿ ನೋಡ್ವಾ. ಪರದೆ ಮೇಲೆ ಎಂತಾದ್ರೂ ಕುಣಿತಾ ಇದ್ರೆ ಸಾಕು, ಸಾಹೇಬ್ರಿಗೆ ಎಂತ ಗೊತ್ತಾಗ್ತದೆ?"

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಮಾಸ್ತರು ಹಾಕಿದರು. ಒಂದು ಗಳಿಗೆ ಏನೂ ಇಲ್ಲ. ಮರುಗಳಿಗೆ ಕೋಣೆಯ ಹಂಚು ಹಾರಿಹೋಗುವ ಹಾಗೆ ಚಂಡೆ ಬಡಿಯಿತು, ಯಕ್ಷಗಾನದ ಕೋರೆಹಲ್ಲಿನ ಬಣ್ಣದ ವೇಷವೊಂದು ಪರದೆ ತುಂಬ ನಿಂತು ಅಬ್ಬರಿಸಿತು. ಒಂದನೇ ಇಯತ್ತೆಯ ಇಬ್ಬರು ಅಳುತ್ತ ಮನೆಗೇ ಓಡಿದರು.

"ಅಡ್ಡಿಲ್ಲ, ಚಲೋ ಬತ್ತದೆ" ಎಂದ ಹುಲಿಯಾ.

"ತೆಗಿ ಮಾರಾಯ, ತೆಗಿ!" ಎಂದು ಮಾಸ್ತರು ಗುಂಡಿಯ ಮೇಲೆ ಗುಂಡಿ ಒತ್ತಿದರು. ಸೀಡಿ ಹೊರಗೆ ಬರಲಿಲ್ಲ. ರಾಕ್ಷಸ ಇನ್ನಷ್ಟು ಜೋರಾದ. ಅಷ್ಟರಲ್ಲಿ ಇಳಿಜಾರಿನಲ್ಲಿ ಜೀಪಿನ ಸದ್ದು ಕೇಳಿತು. ಮಾಸ್ತರು ಕಣ್ಣು ಮುಚ್ಚಿ ಶಾಂತಾದುರ್ಗೆಗೆ ಒಂದು ತೆಂಗಿನಕಾಯಿ ಹೇಳಿಕೊಂಡರು. ಕರೆಂಟು ಹೋಯಿತು.

ಕರೆಂಟು ಹೋದದ್ದಕ್ಕೆ ನಮ್ಮೂರಿನಲ್ಲಿ ಜನ ಸಂತೋಷಪಟ್ಟದ್ದು ಅದೇ ಮೊದಲು. ಆದರೆ ಸಾಹೇಬರು ಒಳ್ಳೆಯ ಮನುಷ್ಯ, ತೊಂದರೆ ಇದ್ದದ್ದೇ ಅಲ್ಲಿ. ಕುರ್ಚಿಯಲ್ಲಿ ಆರಾಮಾಗಿ ಕೂತು ಹೇಳಿದರು.

"ಗಡಿಬಿಡಿ ಇಲ್ಲ ಮಾಸ್ತರ್ರೇ. ಕರೆಂಟು ಬರೋ ತನಕ ಕೂರ್ತೇನೆ. ಊಟಾನೂ ಮಕ್ಕಳ ಜೊತೆ ಇಲ್ಲೇ ಮಾಡುವಾ."

ಮಾಸ್ತರ ಕಣ್ಣು ಗೋಡೆಯ ಬಲ್ಬಿಗೆ ಅಂಟಿಕೊಂಡಿತು. ಕರೆಂಟು ಬಂದರೆ ರಾಕ್ಷಸನೂ ಬರುತ್ತಾನೆ. ಕಂಪ್ಯೂಟರ್ ಒಮ್ಮೆ ಆರಿದರೆ ಗುಂಡಿ ಒತ್ತದೆ ಮತ್ತೆ ಏಳುವುದಿಲ್ಲ ಎಂಬುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ದಿನ ಇವರು ಮೌಸು ಹಿಡಿಯುವುದರಲ್ಲಿದ್ದರು. ಹಾಗಾಗಿ ಒಂದು ತಾಸು ಸುಮ್ಮಸುಮ್ಮನೆ ಬೆವರಿದರು. ಜಯಂತಿ ಅಕ್ಕೋರು ಮೂರು ಸಲ ಚಹಾ ಕೊಡಿಸಿದರು.

ಆಗ ಹಿತ್ತಲಿನಿಂದ ಒಂದು ದನಿ ಬಂತು. "ಕಾವ್! ಕಾವ್! ಏಳಕ್ಕೆ ಐದು ಕೂಡಿಸಿದರೆ ಎಷ್ಟು?"

ಸಾಹೇಬರು ಎದ್ದರು. ಮಾಸ್ತರು ಹಿಂದೆಯೇ ಓಡಿದರು. ಹಿತ್ತಲಲ್ಲಿ ನಾವು ಆಡುತ್ತಿದ್ದ ಆಟ ಅವರಿಗೆ ಗೊತ್ತಿತ್ತು, ಎಷ್ಟೋ ಸಲ ಬೈದು ಬಿಡಿಸಿದ್ದರು. ಕಂಪ್ಯೂಟರ್ ಬಂದ ರಟ್ಟಿನ ಪೆಟ್ಟಿಗೆಯನ್ನು ಗೇರು ಮರದ ಅಡಿ ಇಟ್ಟು, ಅದರ ಮುಂಬದಿಯನ್ನು ಪರದೆಯ ಹಾಗೆ ಕತ್ತರಿಸಿದ್ದೆವು. ಒಳಗೆ ಭಾರತಿ ಕಾಗೆ. ಎದುರಿಗೆ ಒಂದು ಒಡಕು ಹೂಜಿ, ಪಕ್ಕದಲ್ಲಿ ಕಲ್ಲಿನ ರಾಶಿ. ಒಂದು ತೆಂಗಿನ ಚಿಪ್ಪಿಗೆ ಕತ್ತದ ಹಗ್ಗ ಕಟ್ಟಿ ಮೌಸು ಮಾಡಿದ್ದೆವು. ಪಾಳಿ ಬಾರದವರಿಗೆ ಇದೇ ಕಂಪ್ಯೂಟರ್. ಸೀಡಿಯಲ್ಲಿದ್ದ ಲೆಕ್ಕ ಮುಗಿದ ಮೇಲೆ ಭಾರತಿ ತಾನೇ ಹೊಸ ಲೆಕ್ಕ ಕಟ್ಟುತ್ತಿದ್ದಳು.

"ನಂಗೂ ಒಂದು ಪಾಳಿ ಕೊಡ್ತೀರಾ?" ಎಂದು ಸಾಹೇಬರು ಪ್ಯಾಂಟು ಮೇಲೆತ್ತಿ ಕುಕ್ಕುರುಗಾಲಲ್ಲಿ ಕೂತು ಚಿಪ್ಪು ಹಿಡಿದರು.

ಭಾರತಿ ಅವರನ್ನೊಮ್ಮೆ ಅಳೆದಳು. "ಕಾವ್! ಹದಿನೇಳು ಆರಲೆ?"

ಸಾಹೇಬರು ತಲೆ ಕೆರೆದುಕೊಂಡರು. "ತೊಂಬತ್ತೆರಡು?"

ಪೆಟ್ಟಿಗೆಯೊಳಗೆ ಕಾಗೆ ತಿರುಗಿ ಕೂತು ಲಂಗದ ತುದಿ ಹಿಡಿದು ಬಾಲ ಅಲ್ಲಾಡಿಸಿತು. ಜಯಂತಿ ಅಕ್ಕೋರು ಮುಖ ಮುಚ್ಚಿಕೊಂಡರು. ಸಾಹೇಬರು ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಊಟದ ಗಂಟೆ ಹೊಡೆಯುವವರೆಗೂ ಅಲ್ಲೇ ಕೂತು ನಲವತ್ತು ಮಕ್ಕಳ ಲೆಕ್ಕ ಕೇಳಿದರು. ಕರೆಂಟು ಬಂದದ್ದನ್ನು ಅವರು ನೋಡಲೇ ಇಲ್ಲ. ರಾಕ್ಷಸನೂ ಬರಲಿಲ್ಲ. ಮಾಸ್ತರು ಹರಕೆಗೆ ಇನ್ನೊಂದು ತೆಂಗಿನಕಾಯಿ ಸೇರಿಸಿದರು.

ಊಟವಾದ ಮೇಲೆ ಸಾಹೇಬರು ಭೇಟಿ ಪುಸ್ತಕದಲ್ಲಿ ಒಂದು ಪುಟ ತುಂಬ ಬರೆದು ಗಟ್ಟಿಯಾಗಿ ಓದಿದರು. "ಇಂಥ ಶಾಲೆಯನ್ನು ನಾನು ಜಿಲ್ಲೆಯಲ್ಲಿ ಕಂಡಿಲ್ಲ. ಮಕ್ಕಳ ಲೆಕ್ಕ ಅತ್ಯುತ್ತಮ. ರಾಮನಾಥ ಮಾಸ್ತರರ ಶ್ರಮ ಪ್ರಶಂಸನೀಯ."

ಮಾಸ್ತರ ಎದೆ ಉಬ್ಬಿತು. ರುಕ್ಮಿಣಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿದಳು. ಸಾಹೇಬರು ಪುಟ ತಿರುಗಿಸಿದರು.

"ಕಂಪ್ಯೂಟರ್ ಇಲ್ಲದೆಯೂ ಇಷ್ಟು ಚೆನ್ನಾಗಿ ಕಲಿಯುವ ಈ ಮಕ್ಕಳಿಗೆ ಇನ್ನು ಅದರ ಅಗತ್ಯ ಕಾಣುವುದಿಲ್ಲ. ಏನೂ ಕಲಿಯದ ಹೆದ್ದಾರಿ ಪಕ್ಕದ ಶಾಲೆಗೆ ಇಂದೇ ಸಾಗಿಸತಕ್ಕದ್ದು."

ಮಾಸ್ತರು ಒಂದು ಹೆಜ್ಜೆ ಮುಂದೆ ಬಂದರು. "ಸಾಹೇಬ್ರೆ, ಈ ಮಕ್ಳು ಕಲ್ತದ್ದೇ ಆ ಕಂಪ್ಯೂಟರಿಂದ."

"ಕಲ್ತಾಯ್ತಲ್ಲ ಮಾಸ್ತರ್ರೇ" ಎಂದರು ಸಾಹೇಬರು, ಬಹಳ ಪ್ರೀತಿಯಿಂದ. "ಜೀಪು ಹೆಂಗೂ ಖಾಲಿ ಅದೆ. ದಾರಿಯಲ್ಲಿ ಅಲುಗಾಡ್ತದೆ, ಅದರದೇ ಪೆಟ್ಟಿಗೆಯಲ್ಲಿ ಹಾಕಿ ಕೊಡಿ."

ಹಾಗೆ ಪೆಟ್ಟಿಗೆಯೂ ಹೋಯಿತು. ಭಾರತಿ ಒಳಗಿಂದ ಏಳಲು ಒಪ್ಪಲಿಲ್ಲ. ಕೊನೆಗೆ ಮಾಸ್ತರೇ ಕೈ ಹಿಡಿದು ಎಬ್ಬಿಸಬೇಕಾಯಿತು. ಜೀಪು ಹೊರಟಾಗ ಹುಲಿಯಾ ಹಿಂದೆ ಓಡುತ್ತ, "ನನ್ ಸೀಡಿ ಒಳಗೇ ಅದೆ, ಸಾಹೇಬ್ರೆ!" ಎಂದು ಕೂಗಿದ. ಮರುದಿನ ಹೆದ್ದಾರಿ ಪಕ್ಕದ ಶಾಲೆಯಲ್ಲಿ ದೀಪ ಬೆಳಗಿ ಗುಂಡಿ ಒತ್ತಿದಾಗ ಏನಾಯಿತೆಂದು ಆಮೇಲೆ ಕೇಳಿ ನಾವೆಲ್ಲ ನಕ್ಕೆವು. ಆ ದಿನ ಮಾತ್ರ ಯಾರಿಗೂ ನಗು ಬರಲಿಲ್ಲ.

ಭಾರತಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡಳು. "ನಾಳಿಂದ ನಾ ಬರೂದಿಲ್ಲ ಮಾಸ್ತರ್ರೇ. ಕರು ಕಾಯೂಕೆ ಆಯಿಗೆ ಜನ ಬೇಕಂತೆ."

ಮಾಸ್ತರು ಅವಳನ್ನು ನೋಡಿದರು, ಖಾಲಿ ಕೋಣೆಯನ್ನು ನೋಡಿದರು. ಕೊಡೆಯನ್ನು ಮೂಲೆಗಿಟ್ಟು ಒಳಗೆ ಹೋಗಿ ಕಿಟಕಿಯ ಹಿಂದೆ ನಿಂತರು. ಕಿಟಕಿಯ ಚೌಕಟ್ಟಿನಲ್ಲಿ ಅವರ ಮುಖ ಮಾತ್ರ ಕಂಡಿತು.

"ಕಾವ್" ಎಂದರು. "ಒಂಬತ್ತಕ್ಕೆ ನಾಲ್ಕು ಕೂಡಿಸಿದರೆ ಎಷ್ಟು?"

ಭಾರತಿ ನಿಂತಳು. ಹದಿನೇಳು ಆರಲೆ ಬಲ್ಲ ಹುಡುಗಿ ಬಹಳ ಹೊತ್ತು ಯೋಚಿಸಿದ ಹಾಗೆ ಮಾಡಿ, "ಹನ್ನೊಂದು" ಎಂದಳು. ಕೈ ಕಟ್ಟಿ ಕಾದಳು.

ಲೆಕ್ಕ ತಪ್ಪಾದರೆ ಕಾಗೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಮಾಸ್ತರು ಸುತ್ತ ನೋಡಿದರು. ಜಯಂತಿ ಅಕ್ಕೋರು ಬೇಕೆಂದೇ ಕಡತದೊಳಗೆ ಮುಖ ಹಾಕಿದರು. ಮಾಸ್ತರು ಮೆಲ್ಲಗೆ ತಿರುಗಿ ನಿಂತು, ಪಂಚೆಯ ತುದಿ ಹಿಡಿದು, ಬಾಲ ಅಲ್ಲಾಡಿಸಿದರು.

ಭಾರತಿ ಮರುದಿನ ಬಂದಳು. ಅದರ ಮರುದಿನವೂ ಬಂದಳು. ಕಿಟಕಿಯ ಎದುರು ದಿನಾ ಸಂಜೆ ಸಾಲು ನಿಲ್ಲುತ್ತಿತ್ತು, ಮಾಸ್ತರಿಗೆ ಐದರ ಬಸ್ಸು ದಿನಾ ತಪ್ಪುತ್ತಿತ್ತು. ವರ್ಷದ ಕೊನೆಗೆ ಬಂದು ಆ ಸಾಲಿನ ಉತ್ತರಗಳನ್ನು ಕೇಳಿದ ಸಾಹೇಬರು, ಇಷ್ಟು ಜಾಣರಿದ್ದ ಶಾಲೆಯ ಮಕ್ಕಳು ಈಗ ಒಂದು ಲೆಕ್ಕವನ್ನೂ ಸರಿ ಮಾಡುವುದಿಲ್ಲವೆಂದು ರಾಮನಾಥ ಮಾಸ್ತರಿಗೆ ನೋಟೀಸು ಕೊಟ್ಟರು.

ಆ ಸಾಲಿನಲ್ಲಿ ನಾನೂ ಇದ್ದೆ. ಎಂಟಕ್ಕೆ ಮೂರು ಕೂಡಿಸಿದರೆ ಹನ್ನೊಂದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ದಿನಾ ಹದಿಮೂರು ಅನ್ನುತ್ತಿದ್ದೆ.