ಏಳನೇ ಹಾಸಿಗೆಯ ಹಾಳೆ

ಬೆಳಿಗ್ಗೆ ಒಂಬತ್ತಕ್ಕೆ ಹೆಜ್ಜೆ ಲೆಕ್ಕ ಬರೆಯುವ ಹಾಳೆ ಹಂಚಿಕೆ, ಹತ್ತು, ಹನ್ನೆರಡು, ಎರಡಕ್ಕೆ ನಡಿಗೆ, ನಾಲ್ಕಕ್ಕೆ ತಪಾಸಣೆ. ಮೂಳೆ ವಾರ್ಡಿನ ಆ ದಿನದ ಕ್ರಮ ಇಷ್ಟೇ.

"ಇನ್ಮೇಲೆ ನಿಮ್ಮ ಕಾಲು ನಿಮ್ಮ ಜವಾಬ್ದಾರಿ," ಎಂದರು ಡಾಕ್ಟರಮ್ಮ. "ನೀವೇ ನಡೀಬೇಕು, ನೀವೇ ಬರೀಬೇಕು. ಹಾಳೆ ಸರಿಯಿದ್ರೆ ಸಂಜೆ ಮನೆಗೆ."

ಏಳನೇ ಹಾಸಿಗೆಯ ಗಡಿಯಾರ ರಿಪೇರಿಯವನ ತೊಡೆಮೂಳೆಗೆ ಸರಳು ಹಾಕಿ ಇಪ್ಪತ್ತೆರಡು ದಿನವಾಗಿತ್ತು. ಅವನಿಗೆ ಗೊತ್ತುಮಾಡಿದ್ದು ಪ್ರತಿ ಸಲ ನಲವತ್ತು ಹೆಜ್ಜೆ. ಹೆಂಡತಿ ಆಗಲೇ ಒಗೆದ ಬಟ್ಟೆ ತಂದು ಹೊರಗಿನ ಬೆಂಚಿನಲ್ಲಿ ಕಾದು ಕೂತಿದ್ದಳು.

ಹತ್ತಕ್ಕೆ ಅವನು ವಾಕರ್ ಹಿಡಿದು ಎದ್ದನೋ ಇಲ್ಲವೋ, ಆರನೇ ಹಾಸಿಗೆಯ ಬಸ್ ಡ್ರೈವರ್ ಪ್ಲಾಸ್ಟರ್ ಹಾಕಿದ ಬಲಗೈ ಎತ್ತಿ ತೋರಿಸಿದ. "ಅಣ್ಣಾ, ಈ ಕೈಲಿ ಬರೆಯೋಕಾಗುತ್ತಾ? ನಂದು ಎಂಬತ್ತು ಹೆಜ್ಜೆ. ಆಯ್ತು ಅಂತ ಹಾಕ್ಬಿಡಿ, ಪುಣ್ಯ ಬರುತ್ತೆ."

"ನೀವಿನ್ನೂ ಮಂಚಾನೇ ಇಳಿದಿಲ್ವಲ್ಲ!"

"ಮನಸ್ಸಲ್ಲೇ ನಡೆದೆ."

"ನೋಡದೆ ಬರೆಯೋನಲ್ಲ ನಾನು. ಏಳಿ, ಎಣಿಸ್ತೀನಿ."

ಸೆಕೆಂಡಿನ ಲೆಕ್ಕವನ್ನೂ ತಪ್ಪಿದವನಲ್ಲ ಅವನು. ಡ್ರೈವರನ ಪಕ್ಕದಲ್ಲೇ ಎಂಬತ್ತು ಹೆಜ್ಜೆ ನಡೆದು, ಎಂಬತ್ತು ಎಂದು ಬರೆದ. ಅಷ್ಟರಲ್ಲಿ ಎಂಟನೇ ಹಾಸಿಗೆಯ, ಕನ್ನಡಕ ಒಡೆದುಕೊಂಡಿದ್ದ ಮೇಷ್ಟ್ರು ಗೊಣಗಿದರು: "ಏನಪ್ಪಾ ಈ ಪಕ್ಷಪಾತ? ನನಗೆ ಗೋಡೆನೇ ಕಾಣಲ್ಲ, ಹಾಳೆ ಕಾಣುತ್ತಾ?" ಅವರೊಂದಿಗೂ ಎಂಬತ್ತು.

ಹನ್ನೆರಡಕ್ಕೂ ಎರಡಕ್ಕೂ ಅದೇ ಮೆರವಣಿಗೆ. ತನ್ನ ಪಾಲಿನದನ್ನು ಆಮೇಲೆ ನಡೆದು ಬರೆಯೋಣವೆಂದರೆ, ಕಾಲು ನಾದಿಟ್ಟ ಹಿಟ್ಟಿನಂತೆ ಉಬ್ಬಿ ಕೂತಿತ್ತು.

ನಾಲ್ಕಕ್ಕೆ ಡ್ರೈವರ್, ಮೇಷ್ಟ್ರು ಇಬ್ಬರಿಗೂ ಮನೆಗೆ ಹೋಗಲು ಅಪ್ಪಣೆಯಾಯಿತು. "ಅಕ್ಷರ ಮುತ್ತಿನ ಹಾಗಿದೆ!" ಎಂದು ಮೆಚ್ಚಿದ ಡಾಕ್ಟರಮ್ಮ ಏಳನೇ ಹಾಸಿಗೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎರಡೂ ಬದಿ ಖಾಲಿ.

"ಬೆಳಿಗ್ಗೆಯಿಂದ ಮಲಗೇ ಇದ್ರಾ?"

"ಅಯ್ಯೋ, ಇಲ್ಲ ಡಾಕ್ಟ್ರೇ! ಇವರಿಬ್ಬರ ಒಂದೊಂದು ಹೆಜ್ಜೆಗೂ ನಾನು ಜೊತೆಗಿದ್ದೆ. ಬೇಕಾದ್ರೆ ಆ ಹಾಳೆಗಳನ್ನೇ ಕೂಡಿಸಿ ನೋಡಿ."

"ಹೌದು ಮೇಡಂ," ಎಂದ ಡ್ರೈವರ್, ಚೀಲ ಹೆಗಲಿಗೇರಿಸುತ್ತ. "ಅಣ್ಣ ಒಂದು ಹೆಜ್ಜೆನೂ ಬಿಟ್ಟಿಲ್ಲ."

ಡಾಕ್ಟರಮ್ಮ ಕೂಡಿಸಿದರು. ಹೊದಿಕೆ ಸರಿಸಿ ಕಾಲಿನ ಬಾವು ಒತ್ತಿ ನೋಡಿದರು. ಹುಬ್ಬು ಗಂಟಿಕ್ಕಿತು.

"ಹೇಳಿದ್ದಕ್ಕೆ ನಾಲ್ಕು ಪಟ್ಟು! ಈ ಕಾಲಿನ ಮೇಲೆ ಇಷ್ಟು ಭಾರ ಹಾಕೋದಾ? ಇನ್ನು ಮೂರು ವಾರ ಮಂಚ ಇಳಿಯೋ ಹಾಗಿಲ್ಲ."

ಹೆಂಡತಿ ಒಳಗೆ ಬಂದು, ಒಗೆದ ಬಟ್ಟೆಯನ್ನು ಮಂಚದ ಕೆಳಗೆ ತಳ್ಳಿದಳು.

ಆ ದಿನ ಏಳನೇ ಹಾಸಿಗೆಯವನು ನಡೆದದ್ದು ಒಟ್ಟು ನಾನೂರ ಎಂಬತ್ತು ಹೆಜ್ಜೆ; ಮನೆಯ ಕಡೆಗೆ ಒಂದೂ ಇಲ್ಲ.