ನಾಡಿ ನೋಡುವ ವಾಚು

ಆಲೂರಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದು ವಾಚು ರಿಪೇರಿ ಅಂಗಡಿ. ನಾಡಿ ನೋಡಿ, ಹೆಜ್ಜೆ ಎಣಿಸುವ ವಾಚುಗಳನ್ನು ಮಾರೋಕೆ ಶುರು ಮಾಡಿದ ಮೇಲೆ ರಿಪೇರಿಗಿಂತ ನಗು ತಡೆಯೋದೇ ದೊಡ್ಡ ಕೆಲಸವಾಗಿದೆ.

ಒಬ್ಬರೇ ಸಾಕು

ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವ ಹೆಂಗಸೊಬ್ಬರಿಗೆ ಬಿಪಿ. ವಾಚು ಕೊಡಿಸೋಕೆ ಮಗಳು ಕರಕೊಂಡು ಬಂದಿದ್ದಳು. ಆಯಮ್ಮ ಕಟ್ಟಿ ನೋಡಿ, "ಚೆನ್ನಾಗೈತೆ" ಅಂದರು. ನಾನು ಸುಮ್ಮನಿರಬೇಕಿತ್ತು. "ಎಷ್ಟು ನಡೆದ್ರಿ, ಎಷ್ಟು ಹೊತ್ತು ಸುಮ್ನೆ ಕೂತಿದ್ರಿ, ಎಲ್ಲಾ ಬರ್ಕೊಳ್ಳುತ್ತೆ ಕಣಮ್ಮಾ" ಅಂದೆ.

ತಟ್ಟನೆ ಬಿಚ್ಚಿ ಮುಂದಿಟ್ಟರು. "ಬ್ಯಾಡ ಕಣಪ್ಪಾ. ಆ ಕೆಲಸಕ್ಕೆ ಎಸ್ಟೇಟಲ್ಲಿ ಹಾಜರಿ ಬರೆಯೋ ರೈಟರ್ ಅವ್ರೆ. ಒಬ್ಬರೇ ಸಾಕು!"

ಎದ್ದು ನಿಲ್ಲಿ

ರಿಟೈರ್ ಆದ ಟೀಚರಮ್ಮ ಒಬ್ಬರು ವಾಚು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವವರು. ಒಂದು ಭಾನುವಾರ ಚರ್ಚಿನಲ್ಲಿ ಫಾದರ್ ಉಪದೇಶ ಉದ್ದವಾಯಿತು. 'ಕೂತು ಬಹಳ ಹೊತ್ತಾಯಿತು, ಏಳಿ' ಅಂತ ವಾಚು ಗುಯ್‌ಗುಟ್ಟಿತು. ಇವರು ಎದ್ದರು. ಉಪದೇಶ ಮುಗಿಯಿತು ಅಂದುಕೊಂಡು ಹಿಂದಿನ ಸಾಲುಗಳೂ ಎದ್ದವು. ಫಾದರ್ ಅರ್ಧಕ್ಕೇ ನಿಲ್ಲಿಸಬೇಕಾಯಿತು.

"ಫಾದರ್ ಬೈದ್ರಾ ಟೀಚರ್?" ಅಂತ ಕೇಳಿದೆ.

"ಇಲ್ಲಪ್ಪ. ಈಗ ನನ್ನ ಕೈ ನೋಡ್ಕೊಂಡೇ ಉಪದೇಶ ಮಾಡ್ತಾರೆ ಮಾರಾಯಾ!"

ಬಿದ್ದಿದ್ದು ಯಾರು?

ಕೆ. ಹೊಸಕೋಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಎದೆನೋವಿಂದ ಆಸ್ಪತ್ರೆ ಸೇರಿ ಬದುಕಿ ಬಂದಿದ್ದರು. ಆದರೂ ವಾಚು ಬೇಡ, ಕೈ ತುರಿಸುತ್ತೆ ಅಂತ ಹಟ. ಹೆಂಡತಿ ಅಂಗಡಿಯಲ್ಲೇ ಕಣ್ಣೀರು ಹಾಕಿದರು. "ನೀವು ಒಬ್ರೇ ತೋಟಕ್ಕೆ ಹೋದ್ರೆ ನಂಗೆ ಅನ್ನ ಇಳಿಯಲ್ಲ ಕಣ್ರೀ." ಯಜಮಾನರು ಕೈ ಚಾಚಿದರು. ಬಿದ್ದರೆ ಹೆಂಡತಿಗೆ ಫೋನು ಹೋಗಿ, ಎಲ್ಲಿದ್ದಾರೆ ಅಂತಲೂ ತಿಳಿಯುವ ಹಾಗೆ ಮಾಡಿಕೊಟ್ಟೆ.

ವಾರದ ನಂತರ ಯಜಮಾನರು ಕುಂದೂರಲ್ಲಿ ಮೀಟಿಂಗ್ ಐತೆ ಅಂತ ಹೆಂಡತಿಗೆ ಹೇಳಿ, ಗೆಳೆಯರೊಬ್ಬರು ಕಾಫಿ ಮೂಟೆ ಇಡುವ ಸ್ಟೋರಿನಲ್ಲಿ ಇಸ್ಪೀಟಿಗೆ ಕೂತರು. ಒಳ್ಳೇ ಎಲೆ ಬಂತು. ತುರುಪನ್ನು ಮೇಜಿನ ಮೇಲೆ ದಡಾರನೆ ಬಡಿದು, ಉಳಿದ ಎಲೆ ನೋಡುತ್ತಾ ಅಲ್ಲಾಡದೆ ಕೂತರು. ಮನುಷ್ಯ ಬಿದ್ದ ಅಂತ ತಿಳಿದ ವಾಚು ಮನೆಗೆ ಫೋನು ಮಾಡಿತು.

ಸ್ವಲ್ಪ ಹೊತ್ತಿಗೆಲ್ಲ ಅಕ್ಕಪಕ್ಕದವರನ್ನು ಜೀಪಿಗೆ ತುಂಬಿಕೊಂಡು ಹೆಂಡತಿ ಹಾಜರ್. ಓಡಿ ಬಂದವರೇ ಗಂಡನ ಎದೆ ಮುಟ್ಟಿ ನೋಡಿದರು. ಆಮೇಲೆ ಕೈಯಲ್ಲಿದ್ದ ಎಲೆ ನೋಡಿದರು.

"ನಾ ಬಿದ್ದಿಲ್ಲ ಕಣೇ, ತುರುಪು ಬಿದ್ದಿದ್ದು!"

ಮಾರನೇ ದಿನ ನಾನು ಬಾಗಿಲು ತೆಗೆಯುವ ಮೊದಲೇ ಮೂವರು ಹೆಂಗಸರು ಅಂಗಡಿ ಮುಂದೆ ನಿಂತಿದ್ದರು. ಆ ಮೇಜಿನ ಸುತ್ತ ಕೂತಿದ್ದ ಉಳಿದ ಮೂವರ ಹೆಂಡತಿಯರು.

"ಅದೇ ವಾಚು ಕೊಡಿ ಅಣ್ಣಾ," ಅಂದರು. "ನಾಡಿಗೀಡಿ ತೋರಿಸ್ದೇ ಇದ್ರೂ ಪರ್ವಾಗಿಲ್ಲ!"