ಮನಿಗಾಡಿಯ ನಳ

ನಾ ಇದ್ದಲ್ಲೇ ಇಂಥಾವು ಆಗ್ತಾವೋ, ಇಂಥಾವು ಆಗೋ ಕಡಿಗೇ ನಾ ಹೋಗ್ತೇನೋ, ನನಗಿನ್ನಾ ತಿಳಿದಿಲ್ಲ. ನಮ್ಮ ಮನಿಯಾಕಿ ಮಾತ್ರ ಎರಡೂ ಖರೇ ಅಂತಾಳ.

ನಮ್ಮ ಬೀದರ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರಿದ ಹೊಸತು. ಹಳ್ಳಿ ಹಳ್ಳಿ ತಿರುಗಿ ಔಷಧ ಕೊಡಲಿಕ್ಕಂತ ಒಂದು ಮೋಟಾರು ಬಂತು. ಕ್ಯಾರವಾನ್ ಅಂತ ಅದರ ಹೆಸರು, ನಾವು ಮನಿಗಾಡಿ ಅಂದ್ವಿ. ಒಳಗ ಡಾಕ್ಟರ್ ಸಾಹೇಬರು ಮಲಗೋ ಮಂಚ, ಕೈ ತೊಳಿಯೋ ಬೇಸಿನ್ನು, ಅದಕ್ಕೊಂದು ನಳ, ಛತ್ತಿನ ಮ್ಯಾಲ ನೀರಿನ ಟಾಕಿ. ಟಾಕಿಯಿಂದ ನಳದ ತನಕ ಎಲ್ಲಾ ರಿಪೇರಿ ನನ್ನ ಜಿಮ್ಮಾ.

ಡಾಕ್ಟರು ಮೈಸೂರು ಕಡಿಯವರು. ಮೊದಲ ದಿನಾನೇ ಹೇಳಿದ್ರು: "ನೋಡಪ್ಪಾ, ಔರಾದದ ಹತ್ತಿರ ದೊಡ್ಡ ಸಾಹೇಬರು ಬಂದು ತಪಾಸಣೆ ಮಾಡ್ತಾರೆ. ನಲ್ಲಿಯಲ್ಲಿ ನೀರು ಸರಿಯಾಗಿ ಬರದಿದ್ರೆ ಈ ಗಾಡಿ ಬೇರೆ ಜಿಲ್ಲೆಗೆ ಹೋಗುತ್ತೆ."

ನಮ್ಮ ಮಂದಿಗಿ ಅಂತ ಬಂದ ಗಾಡಿ ಬ್ಯಾರೆಯವರಿಗಿ ಹೋಗೋದಾ? ನನ್ನ ಕೈಯಾಗ ನಟ್ಟು ಬಿಗಿಯೋ ಪಾನಾ ಇರೋತನಕ ಅದು ಆಗೋ ಮಾತಲ್ಲ ಅಂತ ಅವತ್ತೇ ಹಟ ಹಿಡಿದೆ.

ಒಬ್ಬರಿಗಿ ಮಾತ್ರ ಮಳಿ

ಹಲಬರ್ಗಾದ ದಾರಿ ಅಂದ್ರ ಕಲ್ಲಿನ ಸಂತಿ. ಗಾಡಿ ಕುಣಿದು ಕುಣಿದು ಟಾಕಿಯ ಕೆಳಗಿನ ಪೈಪು ಸಡಿಲಾತು. ಮಧ್ಯಾಹ್ನ ಊಟ ಆಗಿ ಡಾಕ್ಟರು ಅಡ್ಡಾಗಿದ್ದರು. ಸ್ವಲ್ಪ ಹೊತ್ತಿಗಿ ತೊಯ್ದ ತಲಿ ಹೊರಗ ಹಾಕಿ, "ಮಳೆ ಬರ್ತಿದೆಯಾ?" ಅಂತ ಕೇಳಿದ್ರು.

"ಹೊರಗ ರಣ ಬಿಸಲು ಅದರಿ," ಅಂದೆ. "ಮಳಿ ನಿಮಗಷ್ಟೇ."

ಪೈಪು ಬಿಚ್ಚಿ, ಸಣಬಿನ ದಾರ ಸುತ್ತಿ, ಬಿಳಿ ಬಣ್ಣ ಮೆತ್ತಿ ಬಿಗಿದೆ. ಆಮ್ಯಾಲ ಹನಿ ಬೀಳಲಿಲ್ಲ. ನಮ್ಮ ಮಾತು ಕೇಳಿಸಿಕೋತ ನಿಂತಿದ್ದ ಒಬ್ಬ ರೈತ ಹತ್ತಿರ ಬಂದು ಮೆಲ್ಲಗ ಅಂದ, "ಮಲಗಿದಲ್ಲಿ ಮಳಿ ಬರ್ತದಂದ್ರ, ಸಾಹೇಬರ್ನ ನಮ್ಮ ಜ್ವಾಳದ ಹೊಲದಾಗೂ ಒಂದಿಷ್ಟು ಮಲಗಸ್ರಿ."

ಸರಕಾರದ ನೀರು

ಭಾಲ್ಕಿಯಾಗ ಮುಂಜಾನಿ ಟಾಕಿ ತುಂಬಿಸಿ ಚಹಾ ಕುಡದು ಬರೋದ್ರಾಗ ನಳ ಒಣಗಿತ್ತು. ಪೈಪು ಕಟ್ಟಿರಬೇಕಂತ ಬಾಯಿ ಹಚ್ಚಿ ಊದಿದೆ, ಬಡದೆ, ಬಿಚ್ಚಿದೆ. ಕಡಿಗಿ ಮ್ಯಾಲ ಹತ್ತಿ ನೋಡಿದ್ರ ಟಾಕಿ ಖಾಲಿ. ಇಳಿದು ನೋಡಿದ್ರ ಗಾಡಿ ಹಿಂದ ಹೆಣ್ಣುಮಕ್ಕಳ ಸಾಲು, ಎಲ್ಲಾರ ಸೊಂಟದ ಮ್ಯಾಲೂ ತುಂಬಿದ ಕೊಡ.

"ಯಾಕವ್ವಾ, ಏನಿದು?" ಅಂತ ಮುಂದಿದ್ದ ಮುದುಕಿಗಿ ಕೇಳಿದೆ.

"ಹೊಸ ಸರಕಾರ ನಳ ಕಳಿಸ್ಯಾದಂತಲ್ಲಪ್ಪಾ."

ಇದು ಡಾಕ್ಟರ ಕೈ ತೊಳಿಯೋ ನೀರು ಅಂತ ತಿಳಿಸಿ ಹೇಳಿದೆ. ಪಾಪ, ಎಲ್ಲಾರೂ ನಗಕೋತ ಕೊಡ ತಿರುಗಿ ಕೊಟ್ಟರು, ನಾ ಮ್ಯಾಲ ನಿಂತು ಸುರುವಿದೆ. ಮುದುಕಿ ಮಾತ್ರ ತನ್ನ ಕೊಡದಾಗಿಂದು ಒಂದು ಬೊಗಸಿ ಕುಡದು ಮಾರಿ ಸೊಟ್ಟ ಮಾಡಿದಳು. "ಸರಕಾರ ಬದಲಾದರೂ ನೀರು ನಮ್ಮ ಬಾವಿದೇ ರುಚಿ ಅದ ನೋಡು," ಅಂದಳು. ಆಕಿ ಮಾತು ಸುಳ್ಳಲ್ಲ. ಮುಂಜಾನಿ ಆಕಿ ಓಣಿ ಬಾವಿಯಿಂದೇ ನಾ ಸೇದಿದ್ದೆ.

ಅಳಿಯನ ಗಾಡಿ

ದೊಡ್ಡ ಸಾಹೇಬರು ತಪಾಸಣಿಗಿ ಬರೋ ಊರು ಯಾವುದು ಗೊತ್ತೇನ್ರಿ? ಔರಾದ ಹತ್ತಿರ ನಮ್ಮ ಅತ್ತಿ ಊರು. ಕುರಿ, ಎಮ್ಮಿ, ಹೊಲ ಇದ್ದ ಮನಿ. ಅಳಿಯ ಸರಕಾರಿ ಮೋಟಾರಿನಾಗ ಬಂದಾನಂದ್ರ ಬಿಡ್ತಾರೇನು? ಟಾಕಿ ತೊಳದೆ, ನಳ ಬಿಚ್ಚಿ ಹೊಸ ವಾಸರ್ ಹಾಕಿದೆ. ನೀರು ತುಂಬಸಬೇಕು ಅನ್ನೋದ್ರಾಗ ಅತ್ತಿ ನನ್ನ ಊಟಕ್ಕ ಕೂಡಿಸಿದಳು. ಅಳಿಯ ಅರ್ಧ ಊಟಕ್ಕ ಎದ್ದರ ಮನಿಗಿ ಅಪಮಾನ.

"ಟಾಕಿ ತುಂಬಸಬೇಕಾಗ್ಯಾದ್ರಿ ಅತ್ತಿ," ಅಂದೆ.

"ನೀವು ಉಣ್ರಿ, ಅದನ್ನ ನಾವು ನೋಡಕೋತೇವು," ಅಂದಳು.

ಕೈ ತೊಳಕೊಂಡು ಬರೋದ್ರಾಗ ದೊಡ್ಡ ಸಾಹೇಬರ ಜೀಪು ಬಂದಿತ್ತು. ಮಾರಿ ತುಂಬ ಧೂಳು. ಸೀದಾ ಗಾಡಿ ಒಳಗ ಹೋಗಿ ತಾವೇ ನಳ ತಿರುವಿದ್ರು.

ಬೆಳ್ಳಗ ಬಂತು.

ಬೀದರದ ಗಾಡಿ ಹೋತು ಅನಕೊಂಡೆ. ಸಾಹೇಬರು ಬೆರಳು ಅದ್ದಿ ನಾಲಿಗಿಗಿ ಹಚ್ಚಿಕೊಂಡರು. ಉಪ್ಪು, ಜೀರಗಿ, ಕೊತ್ತಂಬರಿ, ಎಲ್ಲಾ ಹದವಾಗಿ ಬಿದ್ದಿತ್ತು. ಅಷ್ಟರಾಗ ಕೊತ್ತಂಬರಿ ಸಿಕ್ಕು ನಳ ನಿಂತು ಬಿಡ್ತು. ನಾ ನುಗ್ಗಿ, ಬಿಚ್ಚಿ, ತಂತಿ ಹಾಕಿ ಎಳದು, ಮತ್ತ ಬಿಗಿದೆ. ಸರ್ರಂತ ಹರೀತು.

ಬಾಗಿಲದಾಗ ಅತ್ತಿ ಸೆರಗು ಸರಿ ಮಾಡಕೋತ ನಿಂತಿದ್ದಳು. "ಓಣಿಯಾಗಿನ ಮಜ್ಜಿಗಿ ಎಲ್ಲಾ ಕೂಡಿಸಿ ತುಂಬಿಸೇವ್ರಿ," ಅಂದಳು. "ಅಳಿಯನ ಗಾಡಿಗಿ ಬರೀ ನೀರು ಹಾಕಿದ್ರ ಮಂದಿ ಏನಂದಾರು?"

ಆಗ ನಮ್ಮ ಡಾಕ್ಟರು ಗಂಟಲು ಸರಿ ಮಾಡಿಕೊಂಡು, "ಸಾರ್, ಕೊತ್ತಂಬರಿ ಮಜ್ಜಿಗೆಯೇ ಬರೋ ನಲ್ಲಿಯಲ್ಲಿ ನೀರು ಬರೋದಿಲ್ವೇ?" ಅಂದ್ರು. ಆ ಮಾತಿಗಿ ಅವರ ಕಾಲು ಮುಟ್ಟಬೇಕು ಅನಸ್ತು ನನಗ.

ಸಾಹೇಬರು ಒಂದು ತಂಬಿಗಿ ಹಿಡಕೊಂಡು ಕುಡದ್ರು, ಮತ್ತೊಂದು ತುಂಬಿಸಿಕೊಂಡ್ರು. ಮೀಸಿ ಒರಸಿಕೊಂಡು, "ಗಾಡಿ ಬೀದರದಲ್ಲೇ ಇರಲಿ," ಅಂದ್ರು. ನನ್ನ ಎದಿ ಟಾಕಿಗಿಂತ ದೊಡ್ಡದಾತು.

ಜೀಪು ಹತ್ತೋ ಮುಂದ ಸಾಹೇಬರು ನನ್ನ ಕರದು ಕೇಳಿದ್ರು, "ಇಂಥ ವ್ಯವಸ್ಥೆ ಬೇರೆ ಜಿಲ್ಲೆಗಳ ಗಾಡಿಗೂ ಮಾಡಿಕೊಡ್ತೀಯಾ?"

"ನಳ ಎಲ್ಲಾ ಕಡಿಗೂ ಕೂಡಿಸಿಕೊಡ್ತೇನ್ರಿ ಸಾಹೇಬರ," ಅಂದೆ. "ಆದ್ರ ಜಿಲ್ಲಾಕ್ಕೊಬ್ಬ ಅತ್ತಿನ್ನ ಎಲ್ಲಿಂದ ತರಲಿ?"